ಆಸ್ಟ್ರೇಲಿಯಾಕ್ಕೆ ಹೊರಟ ತಂಗಿಯ ಜೊತೆ ಉಡುಪಿ, ಮಂಗಳೂರು ಸುತ್ತಾಟ

ಚಿಕ್ಕಮ್ಮನ ಮಗಳು ರಕ್ಷಿತಾಗೆ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಸಿಕ್ಕಿದೆ. ಫೆಬ್ರವರಿಯಲ್ಲಿ ಹೊರಡುತ್ತಾಳೆ. ತೀರ್ಥಹಳ್ಳಿಯ ಹುಡುಗಿ, ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ ಅಲ್ಲೇ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ಖುಷಿ, ಅಷ್ಟೇ ಹೆದರಿಕೆ. ಭಾರತೀಯರಿಗೆ ಈ ವೀಸಾ ಸಿಗಲು ಶುರುವಾದಾಗ ಮೊದಲ ತಂಡದಲ್ಲಿ ಹೋಗಿ, ಕ್ವೀನ್ಸ್‌ಲ್ಯಾಂಡಿನಲ್ಲಿ ಹೋಟೆಲ್ ಅಡುಗೆಮನೆಯಲ್ಲೂ ತರಕಾರಿ ತೋಟದಲ್ಲೂ ದುಡಿದು ಬಂದವಳು ನಾನು. ಅದಕ್ಕೇ ಚಿಕ್ಕಮ್ಮ ಫೋನ್ ಮಾಡಿ, "ಅವಳನ್ನು ಉಡುಪಿಗೆ ಕಳಿಸ್ತೇನೆ, ನಿಂಗೆ ಗೊತ್ತಿರೋದೆಲ್ಲ ಹೇಳಿಕೊಡು" ಅಂದರು.

ಮನೆಯಲ್ಲಿ ಕೂರಿಸಿ ಹೇಳಿದರೆ ಅರ್ಧ ತಲೆಗೆ ಹೋಗುವುದಿಲ್ಲ. ಡಿಸೆಂಬರ್ ತಿಂಗಳು, ಸೆಖೆ ಕಮ್ಮಿ, ಕಡಲು ಶಾಂತ. ಸುತ್ತಾಡಿಕೊಂಡೇ ಹೇಳೋಣ ಅಂತ ತೀರ್ಮಾನಿಸಿದೆ.

ಮೊದಲ ದಿನ: ರಥಬೀದಿ ಮತ್ತು ಮಾವನ ಅಡುಗೆಮನೆ

ಆಗುಂಬೆ ಘಾಟಿ ಇಳಿದು ಬಂದ ಬಸ್ಸಿನಿಂದ ರಕ್ಷಿತಾ ಇಳಿದಾಗ ಮಧ್ಯಾಹ್ನ. ತಲೆ ತಿರುಗುತ್ತಿದೆ ಅಂದಳು. ಒಂದು ಬೊಂಡ ಕುಡಿಸಿ ರಥಬೀದಿಗೆ ಕರೆದುಕೊಂಡು ಹೋದೆ. ಕೃಷ್ಣನ ದರ್ಶನ, ಮಠದ ಊಟ, ಆಮೇಲೆ ಮಧ್ವ ಸರೋವರದ ಹತ್ತಿರ ಸ್ವಲ್ಪ ಹೊತ್ತು ಕೂತೆವು.

ವೀಸಾ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದರ ನಂಬರ್ 462. 18 ತುಂಬಿ, 31 ತುಂಬದ ಯುವಜನರಿಗೆ ಇರುವುದು. ಒಂದು ವರ್ಷ ಆ ದೇಶ ಸುತ್ತಬಹುದು, ಖರ್ಚಿಗೆ ದುಡಿಯಬಹುದು, ನಾಲ್ಕು ತಿಂಗಳವರೆಗೆ ಓದಲೂಬಹುದು. ಭಾರತ ಮತ್ತು ಆಸ್ಟ್ರೇಲಿಯಾದ ವ್ಯಾಪಾರ ಒಪ್ಪಂದದಿಂದಾಗಿ 2024ರಲ್ಲಿ ನಮಗೂ ಇದು ತೆರೆಯಿತು. ವರ್ಷಕ್ಕೆ 1000 ಜನರಿಗೆ ಮಾತ್ರ, ಅದೂ ಲಾಟರಿಯಲ್ಲಿ. ಹೆಸರು ನೋಂದಾಯಿಸಲು 25 ಆಸ್ಟ್ರೇಲಿಯನ್ ಡಾಲರ್. ಹೆಸರು ಬಂದರೆ 28 ದಿನದೊಳಗೆ ಅರ್ಜಿ ಹಾಕಬೇಕು. ಡಿಗ್ರಿ ಅಥವಾ ಡಿಗ್ರಿಯಲ್ಲಿ ಎರಡು ವರ್ಷವಾದರೂ ಓದಿರಬೇಕು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಸರಾಸರಿ 4.5 ಬಂದರೂ ಸಾಕು. ಕೈಯಲ್ಲಿ 5000 ಡಾಲರ್ ಇದೆ ಅಂತ ತೋರಿಸಬೇಕು, ವಾಪಸ್ ಬರುವ ಟಿಕೆಟ್ ದುಡ್ಡು ಬೇರೆ. ಅಂದರೆ ಸುಮಾರು ಮೂರು ಲಕ್ಷ ರೂಪಾಯಿ ಮತ್ತು ಟಿಕೆಟ್.

"ಲಾಟರಿಯಲ್ಲಿ ಹೆಸರು ಬರಿಸ್ತೇವೆ ಅಂತ ಒಬ್ರು ದುಡ್ಡು ಕೇಳಿದ್ರು ಅಕ್ಕ" ಅಂದಳು. ಯಾರಿಗೂ ಹಾಗೆ ಬರಿಸಲು ಆಗುವುದಿಲ್ಲ. ನೋಂದಣಿ ಮಾಡುವುದು ಆಸ್ಟ್ರೇಲಿಯಾ ಸರ್ಕಾರದ ವೆಬ್‌ಸೈಟಿನಲ್ಲಿ, ನಮ್ಮದೇ ಹೆಸರಿನ ಖಾತೆಯಲ್ಲಿ. ಆರಿಸುವುದು ಕಂಪ್ಯೂಟರ್. ಏಜೆಂಟ್ ಹಿಡಿದರೂ ಅಷ್ಟೇ, ಹಿಡಿಯದಿದ್ದರೂ ಅಷ್ಟೇ. ಅವಳು ತಾನೇ ಕೂತು ಅರ್ಜಿ ತುಂಬಿದ್ದಾಳೆ. ಅದು ಬಹಳ ಒಳ್ಳೆಯದಾಯಿತು. ತನ್ನ ಕಾಗದದಲ್ಲಿ ಏನು ಬರೆದಿದೆ ಅಂತ ಅವಳಿಗೇ ಗೊತ್ತು.

ಸಂಜೆ ಸೋದರಮಾವನ ಹೋಟೆಲಿಗೆ ಹೋದೆವು. ಚಿಕ್ಕ ಹೋಟೆಲ್. ಗೋಳಿಬಜೆ, ಬನ್ಸ್, ಮಸಾಲೆದೋಸೆ. ಮಾವನಿಗೆ ಮೊದಲೇ ಹೇಳಿಟ್ಟಿದ್ದೆ: ಇವಳನ್ನು ಸಂಜೆ ರಶ್ಶಿನಲ್ಲಿ ಪಾತ್ರೆ ತೊಳೆಯಲು ಹಾಕಿ. ಮಾವನಿಗೆ ಮನಸ್ಸಿಲ್ಲ. "ಮನೆಗೆ ಬಂದ ಹುಡುಗಿ, ಎಂತ ಮಾರಾಯ್ತಿ ನೀನು ಹೇಳೋದು" ಅಂದರು. ಆದರೂ ಒಪ್ಪಿದರು.

ಐದು ಗಂಟೆಯಿಂದ ಎಂಟೂವರೆವರೆಗೆ ಅವಳು ತೊಳೆದಳು. ಸಾಂಬಾರಿನ ಹಂಡೆ, ಎಣ್ಣೆ ಹಿಡಿದ ಬಾಣಲೆ, ರಾಶಿ ರಾಶಿ ಲೋಟ. ಕೈ ಬೆರಳು ಬೆಳ್ಳಗೆ ಸುಕ್ಕಾಯಿತು. ಸೊಂಟ ಹಿಡಿದುಕೊಂಡಿತು. ನನ್ನ ಉದ್ದೇಶ ಅವಳನ್ನು ದಣಿಸುವುದಾಗಿರಲಿಲ್ಲ. ಕೆಲಸ ಮಾಡುತ್ತಾ ಸುತ್ತಾಡುವ ವೀಸಾದಲ್ಲಿ ಹೋದವರಿಗೆ ಮೊದಲು ಸಿಗುವುದು ಹೆಚ್ಚಾಗಿ ಇಂಥದೇ ಕೆಲಸ. ಅಡುಗೆಮನೆಯ ಸಹಾಯ, ಹೋಟೆಲ್ ರೂಮು ಸ್ವಚ್ಛ ಮಾಡುವುದು, ಹಣ್ಣು ತರಕಾರಿ ಕೊಯ್ಯುವುದು, ಪ್ಯಾಕಿಂಗ್ ಶೆಡ್. ಬಿ.ಕಾಂ. ಸರ್ಟಿಫಿಕೇಟ್ ಅಲ್ಲಿ ಮೊದಲ ತಿಂಗಳಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಮೂರು ಗಂಟೆ ನಿಂತು ಕೆಲಸ ಮಾಡಿ ನೋಡಿದರೆ, ಎಂಟು ಗಂಟೆ ನಿಲ್ಲಲು ಎಂಥ ಶೂ ಬೇಕು ಅಂತ ಅವಳ ಕಾಲಿಗೇ ಗೊತ್ತಾಗುತ್ತದೆ.

ರಾತ್ರಿ ದೋಸೆ ತಿನ್ನುವಾಗ ಮಾವ ಹಳೆಯ ಕಥೆ ತೆಗೆದರು. ಮಠಗಳ ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡು ಮದ್ರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು. 1942ರಲ್ಲಿ ಮುಂಬೈಯ ಮಾಟುಂಗದಲ್ಲಿ ಊಟದ ಬೋರ್ಡಿಂಗ್ ತೆರೆದ ರಾಮ ನಾಯಕರು. ಈ ಊರಿನವರಿಗೆ ಹೊರಗೆ ಹೋಗಿ ಅಡುಗೆಮನೆಯಿಂದ ಬದುಕು ಶುರುಮಾಡುವುದು ಹೊಸದಲ್ಲ, ನಾಚಿಕೆಯದೂ ಅಲ್ಲ ಅಂತ ಮಾವ ಹೇಳಿದಾಗ ಅವಳ ಮುಖ ಹಗುರಾಯಿತು.

ಮಲಗುವ ಮೊದಲು ಅವಳು ಒಂದು ಪ್ರಶ್ನೆ ಕೇಳಿದಳು. "ಅಕ್ಕ, ಅಲ್ಲಿ ಮಾಲೀಕ ಸರಿ ಇಲ್ಲ ಅಂತ ಕೆಲಸ ಬಿಟ್ರೆ ವೀಸಾ ಹೋಗ್ತದಾ?" ಹೋಗುವುದಿಲ್ಲ ಅಂದೆ. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಬರೀ ಬಾಯಿಮಾತಿಗೆ ಹೋಗುವ ಹೆದರಿಕೆ ಅಲ್ಲ ಅದು.

ಎರಡನೇ ದಿನ: ಮಲ್ಪೆ ಬಂದರು, ಸೇಂಟ್ ಮೇರೀಸ್ ದ್ವೀಪ

ಬೆಳಿಗ್ಗೆ ಬೇಗ ಮಲ್ಪೆಗೆ ಹೋದೆವು. ಬೋಟುಗಳು ದಡಕ್ಕೆ ಬಂದಿದ್ದವು. ಬಂಗುಡೆ, ಬೂತಾಯಿ, ಅಂಜಲ್ ರಾಶಿ. ಐಸ್ ಪುಡಿಮಾಡುವ ಸದ್ದು, ಹರಾಜಿನ ಕೂಗು, ನೀರು ಸುರಿಯುವ ನೆಲ. ಇಲ್ಲಿ ದುಡಿಯುವವರಲ್ಲಿ ಅನೇಕರು ಉತ್ತರ ಕನ್ನಡದಿಂದ, ಒಡಿಶಾದಿಂದ ಬಂದವರು. ಮಳೆಗಾಲದಲ್ಲಿ ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ಊರಿಗೆ ಹೋಗುತ್ತಾರೆ. ಹೊರಗಿನಿಂದ ಬಂದು ಸೀಸನ್ ಲೆಕ್ಕದಲ್ಲಿ ದುಡಿಯುವುದು ಅಂದರೆ ಏನು ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ.

ಟೀ ಅಂಗಡಿಯಲ್ಲಿ ಬೋಟು ನಡೆಸುವ ಒಬ್ಬ ತಾಂಡೇಲರ ಜೊತೆ ಮಾತಿಗೆ ಕೂತೆವು. ಮೀನು ಜಾಸ್ತಿ ಬಂದರೆ ಪಾಲು ಜಾಸ್ತಿ, ಕಮ್ಮಿ ಬಂದರೆ ಕಮ್ಮಿ ಅಂತ ಅವರು ವಿವರಿಸಿದರು. "ಲೆಕ್ಕ ಬರೆದಿಡ್ತೀರಾ?" ಅಂತ ರಕ್ಷಿತಾ ಕೇಳಿದಳು. "ಬರೆಯದಿದ್ರೆ ಆಗ್ತದಾ? ಪ್ರತಿ ಟ್ರಿಪ್ಪಿನದ್ದೂ ಉಂಟು" ಅಂತ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ನಾನು ಹೇಳಬೇಕು ಅಂದುಕೊಂಡಿದ್ದ ಮುಖ್ಯ ವಿಷಯಕ್ಕೆ ಅವರೇ ದಾರಿ ಮಾಡಿಕೊಟ್ಟರು.

ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಕಂಬಗಳ ಹಾಗೆ ನಿಂತ ಆ ಕಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ, ಸುಮಾರು 8.8 ಕೋಟಿ ವರ್ಷ ಹಳೆಯವು. ನೆರಳು ಹುಡುಕಿ ಕೂತು ಸಂಬಳದ ಲೆಕ್ಕ ಶುರುಮಾಡಿದೆ. ಅವಳು ಲೆಕ್ಕದ ಹುಡುಗಿ, ನೋಟ್‌ಬುಕ್ ತೆರೆದಳು.

2025ರ ಜುಲೈ 1ರಿಂದ ಆಸ್ಟ್ರೇಲಿಯಾದ ರಾಷ್ಟ್ರೀಯ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ನಮ್ಮಂಥವರು ಹೆಚ್ಚಾಗಿ ಮಾಡುವುದು ಕ್ಯಾಶುವಲ್ ಕೆಲಸ. ಅದರಲ್ಲಿ ಸಂಬಳದ ರಜೆ ಇಲ್ಲ, ಬದಲಿಗೆ ಶೇ. 25 ಜಾಸ್ತಿ ಕೊಡಬೇಕು. ಅಂದರೆ ಗಂಟೆಗೆ 31.19. ವಾರಕ್ಕೆ 38 ಗಂಟೆ ಸಿಕ್ಕಿದರೆ ಸುಮಾರು 1185 ಡಾಲರ್. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ತೆರಿಗೆ ಇದೆ. ವರ್ಷಕ್ಕೆ 45,000 ಡಾಲರ್‌ವರೆಗೆ ಶೇ. 15. ಹಾಗಾಗಿ ಕೈಗೆ ಸಾವಿರದಷ್ಟು. ಕನಿಷ್ಠ ಕೂಲಿ ಪ್ರತಿ ಜುಲೈಯಲ್ಲಿ ಬದಲಾಗುತ್ತದೆ. ಒಂದೊಂದು ಉದ್ಯಮಕ್ಕೂ ಅವಾರ್ಡ್ ಅಂತ ಬೇರೆ ಪಟ್ಟಿ ಇದೆ, ಭಾನುವಾರ ಮತ್ತು ಹಬ್ಬದ ದಿನಕ್ಕೆ ಹೆಚ್ಚಿನ ದರವೂ ಇರುತ್ತದೆ. ಆದ್ದರಿಂದ ಕೆಲಸಕ್ಕೆ ಸೇರುವ ಮೊದಲು ಫೇರ್ ವರ್ಕ್ ಆಂಬಡ್ಸ್‌ಮನ್ ಅನ್ನುವ ಸರ್ಕಾರಿ ಸಂಸ್ಥೆಯ ವೆಬ್‌ಸೈಟಿನಲ್ಲಿ ತನ್ನ ಕೆಲಸದ ದರ ನೋಡಿಕೊಳ್ಳಬೇಕು.

"ವಾರಕ್ಕೆ ಸಾವಿರ ಅಂದ್ರೆ ತುಂಬಾ ಆಯ್ತಲ್ಲ ಅಕ್ಕ" ಅಂದಳು. ನಿಲ್ಲು ಅಂದೆ. ಅಲ್ಲಿ ಮನೆ ಬಾಡಿಗೆಯನ್ನೂ ವಾರಕ್ಕೇ ಹೇಳುತ್ತಾರೆ. ಜಾಹೀರಾತು ನೋಡಿ ತಿಂಗಳದ್ದು ಅಂದುಕೊಂಡರೆ ಬಜೆಟ್ ಪೂರ್ತಿ ತಪ್ಪುತ್ತದೆ. ಇನ್ನು 38 ಗಂಟೆ ಪ್ರತಿವಾರ ಸಿಗುವುದೂ ಇಲ್ಲ. ತೋಟದಲ್ಲಿ ಮಳೆ ಬಂದರೆ ಕೆಲಸವಿಲ್ಲ. ಹಣ್ಣು ಮಾಗದಿದ್ದರೆ ಇಲ್ಲ. ತೋರಿಸಿದ 5000 ಡಾಲರ್ ಇರುವುದೇ ಆ ವಾರಗಳಿಗೆ. ಅದನ್ನು ಸಾಲ ತಂದು ತೋರಿಸಿ, ಆಮೇಲೆ ವಾಪಸ್ ಕೊಟ್ಟು ಖಾಲಿ ಕೈಯಲ್ಲಿ ವಿಮಾನ ಹತ್ತುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈಯಲ್ಲಿ ದುಡ್ಡಿಲ್ಲದವನು ಸಿಕ್ಕಿದ ಮೊದಲ ಕೆಲಸಕ್ಕೆ, ಸಿಕ್ಕಿದ ಷರತ್ತಿಗೆ ತಲೆ ಕೊಡುತ್ತಾನೆ.

ತೋಟದಲ್ಲಿ ಬುಟ್ಟಿ ಲೆಕ್ಕದ ಕೂಲಿಯೂ ಇದೆ. ಮೊದಲು ಇದರಲ್ಲಿ ತುಂಬಾ ಅನ್ಯಾಯ ಆಗುತ್ತಿತ್ತು. ಹೊಸಬರು ಇಡೀ ದಿನ ಕೊಯ್ದರೂ ಊಟದ ಖರ್ಚು ಹುಟ್ಟುತ್ತಿರಲಿಲ್ಲ. 2022ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ. ಬುಟ್ಟಿ ಲೆಕ್ಕ ಎಷ್ಟೇ ಬರಲಿ, ಗಂಟೆಯ ಕನಿಷ್ಠ ಕೂಲಿಗಿಂತ ಕಮ್ಮಿ ಕೊಡುವ ಹಾಗಿಲ್ಲ. ಈ ಒಂದು ವಾಕ್ಯ ಗೊತ್ತಿದ್ದರೆ ಸಾಕು, ಮೇಸ್ತ್ರಿ ಎದುರು ನಿಂತು ಮಾತಾಡಲು ಧೈರ್ಯ ಬರುತ್ತದೆ. ಆದರೆ ಎಷ್ಟು ಗಂಟೆ ದುಡಿದೆ ಅಂತ ನಮ್ಮ ಹತ್ತಿರ ಬರಹ ಇರಬೇಕು. ದಿನಾ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಊಟದ ಬಿಡುವು, ತೋಟದ ಹೆಸರು, ಮೇಲ್ವಿಚಾರಕನ ಹೆಸರು. ಮಲ್ಪೆಯ ತಾಂಡೇಲರ ಪುಸ್ತಕ ನೆನಪಿಟ್ಟುಕೋ ಅಂದೆ. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಪೇ ಸ್ಲಿಪ್ ಕೊಡಬೇಕು ಅನ್ನುವುದು ಅಲ್ಲಿನ ಕಾನೂನು. ಪ್ರತಿ ಸ್ಲಿಪ್ಪನ್ನೂ ತನ್ನ ಪುಸ್ತಕದ ಜೊತೆ ತಾಳೆ ನೋಡಬೇಕು.

ಎಲ್ಲಿಗೆ ಹೋಗುವುದು ಅನ್ನುವುದೂ ಬಂತು. ಅವಳು ನೇರವಾಗಿ ಉತ್ತರದ ಕೇರ್ನ್ಸ್‌ಗೆ ಟಿಕೆಟ್ ನೋಡುತ್ತಿದ್ದಳು. ಫೆಬ್ರವರಿಯಲ್ಲಿ ಅಲ್ಲಿ ಜೋರು ಮಳೆಗಾಲ, ಚಂಡಮಾರುತದ ಸೀಸನ್. ಟುಲ್ಲಿ ಕಡೆ ಬಾಳೆ ತೋಟದ ಕೆಲಸ ವರ್ಷಪೂರ್ತಿ ಇರುತ್ತದೆ ನಿಜ, ಆದರೆ ಉಳಿದದ್ದು ಕಮ್ಮಿ. ಅದೇ ಹೊತ್ತಿಗೆ ದಕ್ಷಿಣದಲ್ಲಿ ಬೇಸಿಗೆ. ವಿಕ್ಟೋರಿಯಾದ ಮಿಲ್ಡುರಾ ಸುತ್ತ ದ್ರಾಕ್ಷಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಮೇ ಬಂದ ಮೇಲೆ ಉತ್ತರಕ್ಕೆ ಹೋದರೆ ಬೋವೆನ್‌ನಲ್ಲಿ ಟೊಮೆಟೊ, ದೊಣ್ಣೆಮೆಣಸು ಶುರುವಾಗಿರುತ್ತದೆ, ಹವೆಯೂ ಚೆನ್ನಾಗಿರುತ್ತದೆ. ಯಾವ ತಿಂಗಳು ಎಲ್ಲಿ ಏನು ಕೊಯ್ಲು ಅಂತ ತಿಳಿಸಲು ಹಾರ್ವೆಸ್ಟ್ ಟ್ರೇಲ್ ಅಂತ ಸರ್ಕಾರದ್ದೇ ಸೇವೆ ಇದೆ, ದುಡ್ಡಿಲ್ಲ. ಕೆಲಸ ಕೊಡಿಸಲು ದುಡ್ಡು ಕೇಳಿದವರನ್ನು ಅಲ್ಲೇ ಬಿಟ್ಟು ಬರಬೇಕು.

ಕೊನೆಯ ದೋಣಿ ಹಿಡಿದು ವಾಪಸ್ ಬಂದೆವು.

ಮೂರನೇ ದಿನ: ಕಾಪು, ಪಡುಬಿದ್ರಿ

ಈ ದಿನ ಹೆಚ್ಚು ಮಾತಿಲ್ಲ. ಕಾಪುವಿನ ದೀಪಸ್ತಂಭ ನೋಡಿ, ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚಿಗೆ ಹೋದೆವು. ಮಲೆನಾಡಿನ ಹುಡುಗಿಗೆ ತುಂಗೆಯಲ್ಲಿ ಈಜು ಗೊತ್ತು, ಕಡಲು ಗೊತ್ತಿಲ್ಲ. ಅದೇ ಅಪಾಯ. ಆಸ್ಟ್ರೇಲಿಯಾದ ಕಡಲಿನಲ್ಲಿ ಮುಳುಗಿ ಸಾಯುವವರಲ್ಲಿ ನಮ್ಮ ದೇಶದವರೂ ಇದ್ದಾರೆ, ಈ ಸುದ್ದಿ ಓದಿದಾಗೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಅಲ್ಲಿ ಕಾವಲಿರುವ ಬೀಚುಗಳಲ್ಲಿ ಅರ್ಧ ಕೆಂಪು ಅರ್ಧ ಹಳದಿ ಬಣ್ಣದ ಎರಡು ಬಾವುಟ ನೆಟ್ಟಿರುತ್ತಾರೆ. ಆ ಎರಡರ ಮಧ್ಯೆ ಮಾತ್ರ ನೀರಿಗೆ ಇಳಿಯಬೇಕು. ಬಾವುಟ ಇಲ್ಲದಿದ್ದರೆ ಇಳಿಯಬಾರದು. ಒಳಗೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಎದುರಾಗಿ ಈಜಿ ಸುಸ್ತಾಗಬಾರದು. ತೇಲುತ್ತಾ ಕೈ ಎತ್ತಿ ಸಹಾಯ ಕೇಳಬೇಕು. ಅಲೆ ಏಳದೆ ಕಪ್ಪಗೆ ಶಾಂತವಾಗಿ ಕಾಣುವ ಜಾಗವೇ ಹೆಚ್ಚಾಗಿ ಆ ಸೆಳೆತ. ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ನವೆಂಬರ್‌ನಿಂದ ಮೇವರೆಗೆ ವಿಷದ ಲೋಳೆಮೀನುಗಳ ಕಾಟ, ಹೊಳೆಬಾಯಿಗಳಲ್ಲಿ ಮೊಸಳೆ. ಬೋರ್ಡ್ ಹಾಕಿದ್ದರೆ ಅದು ಸುಮ್ನೆ ಹಾಕಿದ್ದಲ್ಲ.

ವಾಪಸ್ ಬರುವಾಗ ಸ್ಕೂಟರ್ ಅವಳೇ ಓಡಿಸಿದಳು. ಅಲ್ಲೂ ರಸ್ತೆಯ ಎಡಗಡೆಯೇ. ಶಿವಮೊಗ್ಗದ ಆರ್‌ಟಿಒದಲ್ಲಿ 1000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದಾಳೆ. ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಕೂಡ ಜೊತೆಗಿರಬೇಕು. ಕತ್ತಲಾದ ಮೇಲೆ ಹಳ್ಳಿ ರಸ್ತೆಯಲ್ಲಿ ಕಾರು ಓಡಿಸಬೇಡ, ಕಾಂಗರೂ ಅಡ್ಡ ಬರುತ್ತವೆ ಅಂದೆ.

ನಾಲ್ಕನೇ ದಿನ: ಮಂಗಳೂರು

ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಮಂಗಳೂರಿಗೆ ಹೊರಟೆವು. ಮೊದಲು ಹಲ್ಲಿನ ಡಾಕ್ಟರ್. ಹೊರದೇಶಕ್ಕೆ ಹೋಗುವ ಮೊದಲು ಹಲ್ಲು ಮತ್ತು ಕಣ್ಣು ತೋರಿಸಿಕೊಂಡೇ ಹೋಗಬೇಕು ಅನ್ನುವುದು ನನ್ನ ಹಟ. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಸೌಲಭ್ಯ ಮೆಡಿಕೇರ್ ಭಾರತದಿಂದ ಹೋದ ಈ ವೀಸಾದವರಿಗೆ ಸಿಗುವುದಿಲ್ಲ. ಆ ಥರದ ಒಪ್ಪಂದ ಎರಡು ದೇಶಗಳ ಮಧ್ಯೆ ಇಲ್ಲ. ಆಸ್ಪತ್ರೆ ಖರ್ಚು ಪೂರ್ತಿ ನಮ್ಮದು, ಅದಕ್ಕೇ ವಿಮೆ ಬೇಕೇ ಬೇಕು. ಅವಳು ನೋಡಿಟ್ಟಿದ್ದ ಪಾಲಿಸಿಯನ್ನು ಡಾಕ್ಟರ ಹೊರಗಿನ ಬೆಂಚಿನ ಮೇಲೆ ಕೂತು ಪೂರ್ತಿ ಓದಿದೆವು. ಪ್ರವಾಸಕ್ಕೆ ಮಾತ್ರ ಅಂತ ಬರೆದಿತ್ತು, ಮೈಮುರಿದು ದುಡಿಯುವ ಕೆಲಸದಲ್ಲಿ ಆದ ಗಾಯಕ್ಕೆ ಇಲ್ಲ. ಅಂಥದ್ದು ಇಟ್ಟುಕೊಂಡು ದ್ರಾಕ್ಷಿ ತೋಟಕ್ಕೆ ಹೋಗಿ ಏನು ಪ್ರಯೋಜನ? ಬೇರೆ ನೋಡಲು ಬರೆದುಕೊಂಡಳು. ಕೆಲಸದ ಜಾಗದಲ್ಲಿ ಪೆಟ್ಟಾದರೆ ಅಲ್ಲಿನ ಮಾಲೀಕರ ವಿಮೆಯೂ ಇರುತ್ತದೆ, ಆದರೆ ಕೆಲಸಕ್ಕೆ ಸರಿಯಾದ ದಾಖಲೆ ಇದ್ದರೆ ಅದನ್ನು ಕೇಳಿ ಪಡೆಯುವುದು ಸುಲಭ. ಕೈಗೆ ನಗದು ಕೊಡುವವರ ಹತ್ತಿರ ದುಡಿದಿದ್ದರೆ ತಾನು ಅಲ್ಲಿ ಇದ್ದೆ ಅಂತ ತೋರಿಸುವುದೇ ಕಷ್ಟ.

ಮಧ್ಯಾಹ್ನ ಬಿಜೈಯಲ್ಲಿರುವ ದೊಡ್ಡಪ್ಪನ ಮನೆಗೆ ಹೋದೆವು. ದೊಡ್ಡಮ್ಮ ಕೋರಿ ರೊಟ್ಟಿ ಮಾಡಿದ್ದರು. ದೊಡ್ಡಪ್ಪ ಗಲ್ಫ್‌ನಲ್ಲಿ ಅರ್ಧ ಆಯುಷ್ಯ ಕಳೆದವರು. ಈ ಮನೆ, ಅಣ್ಣಂದಿರ ಓದು, ಎಲ್ಲ ಆ ದುಡ್ಡಿನದು. ನಮ್ಮ ಕರಾವಳಿಯಲ್ಲಿ ಹೊರದೇಶದ ಕೆಲಸ ಅಂದರೆ ಎಲ್ಲರ ತಲೆಯಲ್ಲಿ ಇರುವುದು ಗಲ್ಫೇ. ಬಜ್ಪೆಯಿಂದ ಹಾರುವ ಹೊರದೇಶದ ವಿಮಾನಗಳೂ ಅಲ್ಲಿಗೇ.

"ನನ್ನ ಪಾಸ್‌ಪೋರ್ಟ್ ಆಫೀಸಿನ ಕಪಾಟಲ್ಲಿ ಇರ್ತಿತ್ತು. ಅಮ್ಮ ತೀರಿಹೋದಾಗ ಊರಿಗೆ ಬರ್ಲಿಕ್ಕೆ ಅದನ್ನು ಕೈಮುಗಿದು ಕೇಳಬೇಕಾಯ್ತು" ಅಂದರು ದೊಡ್ಡಪ್ಪ. "ವೀಸಾ ಅವರದ್ದು. ಕೆಲಸ ಬಿಟ್ರೆ ದೇಶವೇ ಬಿಡ್ಬೇಕು. ಹಾಗಾಗಿ ಬಾಯಿ ಮುಚ್ಚಿಕೊಂಡು ಇರೋದು ಕಲಿತೆವು. ನೀನೂ ಹಾಗೇ ತಗ್ಗಿಬಗ್ಗಿ ಇರು ಮಗ, ಎದುರು ಮಾತಾಡ್ಬೇಡ."

ಮೊದಲ ರಾತ್ರಿಯ ಅವಳ ಪ್ರಶ್ನೆ ಎಲ್ಲಿಂದ ಬಂತು ಅಂತ ಆಗ ಸ್ಪಷ್ಟವಾಯಿತು. ಇಂಥ ಮಾತುಗಳನ್ನು ಕೇಳಿಯೇ ಬೆಳೆದವರು ನಾವು. ದೊಡ್ಡಪ್ಪನ ಮೇಲೆ ನನಗೆ ತುಂಬಾ ಗೌರವ. ಅವರ ಕಾಲಕ್ಕೆ, ಅವರ ದೇಶಕ್ಕೆ ಆ ಬುದ್ಧಿ ಸರಿಯಾಗಿತ್ತು. ಆದರೆ ಇವಳ ವೀಸಾ ಬೇರೆಯೇ. ನಾನು ಅವರಿಗೂ ಅವಳಿಗೂ ಒಟ್ಟಿಗೆ ಹೇಳಿದೆ.

ಈ ವೀಸಾಕ್ಕೆ ಪ್ರಾಯೋಜಕ ಇಲ್ಲ. ಯಾವ ಮಾಲೀಕನ ಹೆಸರೂ ಅದರಲ್ಲಿ ಇಲ್ಲ. ಸೋಮವಾರ ಒಂದು ಹೋಟೆಲಿನಲ್ಲಿ ದುಡಿದು ಬುಧವಾರ ಬಿಟ್ಟು ಇನ್ನೊಂದಕ್ಕೆ ಹೋದರೂ ವೀಸಾಕ್ಕೆ ಏನೂ ಆಗುವುದಿಲ್ಲ. ನಿಯಮ ಇರುವುದು ಉಲ್ಟಾ ಕಡೆ: ಸಾಮಾನ್ಯವಾಗಿ ಒಬ್ಬ ಮಾಲೀಕನ ಹತ್ತಿರ ಆರು ತಿಂಗಳಿಗಿಂತ ಜಾಸ್ತಿ ಇರಬಾರದು, ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ. ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಇಡಬಾರದು. ಗುರುತಿಗೆ ತೋರಿಸಬಹುದು, ಕಾಪಿ ಕೊಡಬಹುದು, ಅಷ್ಟೇ. "ನಿನ್ನ ವೀಸಾ ರದ್ದು ಮಾಡಿಸ್ತೇನೆ" ಅಂತ ಮಾಲೀಕ ಹೆದರಿಸಿದರೆ ಆ ಅಧಿಕಾರ ಅವನಿಗಿಲ್ಲ. ವೀಸಾದ ಹೆಸರಿನಲ್ಲಿ ಕೆಲಸಗಾರರನ್ನು ಬಗ್ಗಿಸುವುದೇ 2024ರ ಜುಲೈಯಿಂದ ಅಲ್ಲಿ ಅಪರಾಧ. ಬೇಕೆಂದೇ ಸಂಬಳ ಕಮ್ಮಿ ಕೊಡುವುದೂ 2025ರ ಜನವರಿಯಿಂದ ಕ್ರಿಮಿನಲ್ ಅಪರಾಧ. ದೂರು ಕೊಡಲು ಫೇರ್ ವರ್ಕ್‌ನ ನಂಬರ್ 13 13 94. ಇಂಗ್ಲಿಷ್ ಕಷ್ಟವಾದರೆ 131 450ಕ್ಕೆ ಫೋನ್ ಮಾಡಿ ದುಭಾಷಿ ಕೇಳಬಹುದು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಅಲ್ಲಿ ಮೋಸ ಇಲ್ವಾ?" ಅಂತ ಕೇಳಿದರು. ಇದೆ, ಬೇಕಾದಷ್ಟು ಇದೆ. ಅದರ ರೂಪ ಬೇರೆ. ಒಂದು, ಎಬಿಎನ್ ಮಾಡಿಸು ಅನ್ನುವುದು. ಅದು ಸ್ವಂತ ವ್ಯವಹಾರ ಮಾಡುವವರ ನಂಬರ್. ಅದನ್ನು ಮಾಡಿಸಿದರೆ ಕಾಗದದಲ್ಲಿ ನಾವು ಕೆಲಸಗಾರರೇ ಅಲ್ಲ, ಕನಿಷ್ಠ ಕೂಲಿ, ವಿಮೆ, ಯಾವುದನ್ನೂ ಕೊಡಬೇಕಿಲ್ಲ ಅನ್ನುತ್ತಾರೆ. ಮಾಮೂಲಿ ಕೆಲಸಕ್ಕೆ ಬೇಕಾದದ್ದು ತೆರಿಗೆ ನಂಬರ್, ಅಂದರೆ ಟಿಎಫ್‌ಎನ್. ಅಲ್ಲಿಗೆ ಹೋದ ಮೇಲೆ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಇನ್ನೊಂದು, ಟ್ರಯಲ್ ಅಂತ ದಿನಗಟ್ಟಲೆ ಪುಕ್ಕಟೆ ದುಡಿಸುವುದು. ಕೆಲಸ ಬರುತ್ತದಾ ಅಂತ ನೋಡಲು ಬೇಕಾದಷ್ಟು ಹೊತ್ತು ಮಾತ್ರ ಸಂಬಳ ಇಲ್ಲದೆ ಮಾಡಿಸಬಹುದು, ಅದಕ್ಕಿಂತ ಜಾಸ್ತಿ ಆದರೆ ದುಡ್ಡು ಕೊಡಬೇಕು.

ಇವೆರಡಕ್ಕಿಂತ ನನಗೆ ಸಿಟ್ಟು ಬರಿಸುವುದು ಮೂರನೆಯದು. ಈ ವೀಸಾದಲ್ಲಿ ಎರಡನೇ ವರ್ಷಕ್ಕೂ ಇರಬೇಕು ಅಂದರೆ, ಮೊದಲ ವರ್ಷದಲ್ಲಿ ನಿಗದಿ ಮಾಡಿದ ಪ್ರದೇಶಗಳಲ್ಲಿ ನಿಗದಿ ಮಾಡಿದ ಕೆಲಸವನ್ನು ಮೂರು ತಿಂಗಳು, ಅಂದರೆ 88 ದಿನ ಮಾಡಿರಬೇಕು. ತೋಟ, ಪಶುಪಾಲನೆ, ಉತ್ತರ ಭಾಗದ ಹೋಟೆಲ್, ಇಂಥವು. ಮಾಲೀಕನ ಕೈಗೆ ಸಿಗುವ ಹಗ್ಗ ಇದೊಂದೇ. "ನಡುವೆ ಬಿಟ್ಟರೆ ನಿನ್ನ ದಿನಗಳಿಗೆ ಸಹಿ ಹಾಕುವುದಿಲ್ಲ" ಅನ್ನುತ್ತಾರೆ. ನಾನಿದ್ದ ಒಂದು ವಸತಿಗೃಹದಲ್ಲಿ ತೈವಾನಿನ ಹುಡುಗಿಯೊಬ್ಬಳಿಗೆ ಹೀಗೇ ಹೇಳಿ, ರಾತ್ರಿ ಹೊತ್ತು ಮೇಲ್ವಿಚಾರಕ ಅವಳ ರೂಮಿನ ಬಾಗಿಲು ಬಡಿಯುತ್ತಿದ್ದ. ನಾವು ನಾಲ್ಕು ಜನ ಹುಡುಗಿಯರು ಸೇರಿ ಅವಳನ್ನು ಮರುದಿನವೇ ಬಸ್ಸು ಹತ್ತಿಸಿದೆವು. ಅವಳ ಹತ್ತಿರ ಪೇ ಸ್ಲಿಪ್ಪುಗಳಿದ್ದವು, ಬ್ಯಾಂಕಿಗೆ ಸಂಬಳ ಬಂದ ದಾಖಲೆ ಇತ್ತು, ಗಂಟೆ ಬರೆದ ಪುಸ್ತಕ ಇತ್ತು. ದುಡಿದ ದಿನಗಳಿಗೆ ಅವೇ ಸಾಕ್ಷಿ. ಇನ್ನೊಂದು ತೋಟದಲ್ಲಿ ಉಳಿದ ದಿನ ಮುಗಿಸಿದಳು. 88 ದಿನ ಒಂದೇ ಕಡೆ ಆಗಬೇಕು ಅಂತ ಎಲ್ಲೂ ಇಲ್ಲ.

ಅದಕ್ಕೇ ಸಂಬಳ ಬ್ಯಾಂಕಿಗೇ ಬರಲಿ ಅಂತ ಹಟ ಹಿಡಿ ಅಂದೆ. ತೋಟದ ಅಂಚೆ ಸಂಖ್ಯೆ 462ರ ಪಟ್ಟಿಯಲ್ಲಿ ಇದೆಯಾ ಅಂತ ಸೇರುವ ಮೊದಲೇ ನೋಡಿಕೋ, 417 ಅನ್ನುವ ಇನ್ನೊಂದು ವೀಸಾದ ಪಟ್ಟಿ ಬೇರೆ. ಬ್ಯಾಗಿನಲ್ಲಿ ಯಾವಾಗಲೂ ಎರಡು ವಾರದ ಬಾಡಿಗೆ ಮತ್ತು ಒಂದು ಬಸ್ ಟಿಕೆಟಿನಷ್ಟು ದುಡ್ಡು ಮುಟ್ಟದೆ ಇಡು. ತುರ್ತಿಗೆ 000.

ದೊಡ್ಡಪ್ಪ ಎದ್ದು ಒಳಗೆ ಹೋಗಿ ಬಂದರು. ರಕ್ಷಿತಾಳ ಕೈಗೆ ಒಂದು ಲಕೋಟೆ ಇಟ್ಟರು. "ಅಕ್ಕ ಹೇಳಿದ ಆ ಮುಟ್ಟದ ದುಡ್ಡಿಗೆ ಇದು ಇರಲಿ" ಅಂದರು.

ಸಂಜೆ ಹಂಪನಕಟ್ಟೆಯಲ್ಲಿ ಗಡ್‌ಬಡ್ ತಿಂದು ಉಡುಪಿ ಬಸ್ಸು ಹತ್ತಿದೆವು. ದಾರಿಯಲ್ಲಿ ನಿವೃತ್ತಿ ನಿಧಿಯ ಬಗ್ಗೆ ಕೇಳಿದಳು. 2025ರ ಜುಲೈಯಿಂದ ಮಾಲೀಕರು ಸಂಬಳದ ಶೇ. 12ರಷ್ಟನ್ನು ಸೂಪರ್ ಅನ್ನುವ ಈ ನಿಧಿಗೆ ಹಾಕಬೇಕು. ದೇಶ ಬಿಟ್ಟ ಮೇಲೆ, ವೀಸಾ ಮುಗಿದ ಮೇಲೆ ಅದನ್ನು ವಾಪಸ್ ಕೇಳಬಹುದು. ಆದರೆ ನಮ್ಮ ವೀಸಾದವರಿಗೆ ಅದರಲ್ಲಿ ಶೇ. 65 ತೆರಿಗೆ ಹೋಗುತ್ತದೆ. ಉಳಿದದ್ದೂ ನಮ್ಮ ದುಡ್ಡೇ ಅಲ್ವಾ, ಬಿಡಬಾರದು.

ಐದನೇ ದಿನ: ಸಾಮಾನು ಕಟ್ಟುವುದು

ಬೆಳಿಗ್ಗೆ ಚಿಕ್ಕಮ್ಮನ ಫೋನು. ಉಪ್ಪಿನಕಾಯಿ, ಹಲಸಿನ ಹಪ್ಪಳ, ಮನೆಯ ತುಪ್ಪ, ಜೊತೆಗೆ ದೇವರಿಗೆ ಅಂತ ಶಂಕರಪುರದ ಮಲ್ಲಿಗೆ ದಾರಿಯಲ್ಲಿ ತಗೊಂಡು ಹೋಗಲಿ ಅಂತ. ಮಲ್ಲಿಗೆ ಸಾಧ್ಯವೇ ಇಲ್ಲ ಅಂದೆ. ಹಸಿ ಹೂವು, ಹಣ್ಣು, ಬೀಜ, ಇವನ್ನು ಆ ದೇಶ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಒಣಮೀನು, ತುಪ್ಪ, ಹಪ್ಪಳ, ಉಪ್ಪಿನಕಾಯಿ, ಏನೇ ತಿನ್ನುವ ವಸ್ತು ಇದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಇದೆ ಅಂತ ಬರೆಯಬೇಕು. ಬರೆದರೆ ಅಧಿಕಾರಿ ನೋಡಿ ಬಿಡುತ್ತಾರೆ, ಇಲ್ಲವೇ ಎತ್ತಿಟ್ಟುಕೊಳ್ಳುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ, ವೀಸಾವೇ ರದ್ದಾಗುವುದೂ ಉಂಟು. ಮನೆಯ ತೋಟದಲ್ಲಿ ಹಾಕಿದ ಶೂ ಆದರೆ ಮಣ್ಣು ಪೂರ್ತಿ ತೊಳೆದು ಒಣಗಿಸಿ ಇಡಬೇಕು. ನಮ್ಮ ಮಣ್ಣಿನ ರೋಗ ಅವರ ಬೆಳೆಗೆ ಹೋಗಬಾರದು ಅನ್ನುವ ಕಾಳಜಿ ಅದು. ಅಡಿಕೆಗೆ ಕೊಳೆರೋಗ ಬಂದಾಗ ಮನೆಯ ಪರಿಸ್ಥಿತಿ ಹೇಗಿರುತ್ತದೆ ಅಂತ ಕಂಡ ತೀರ್ಥಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕಮ್ಮ ತಕ್ಷಣ ಒಪ್ಪಿದರು.

ಔಷಧಿ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ ಚೀಟಿಯ ಜೊತೆ, ಮೂಲ ಪ್ಯಾಕಿನಲ್ಲೇ ಇರಲಿ. ಬಟ್ಟೆ ಕಮ್ಮಿ. ಗಟ್ಟಿ ಶೂ ಒಂದು ಜೊತೆ, ತೋಳು ಮುಚ್ಚುವ ಅಂಗಿ, ಅಗಲ ಟೋಪಿ. ಅಲ್ಲಿನ ಬಿಸಿಲು ನಮ್ಮ ಬಿಸಿಲಿಗಿಂತ ಚುರುಕು. ಕುಕ್ಕರ್ ಬೇಡ, ಅಲ್ಲಿ ಎಲ್ಲ ಸಿಗುತ್ತದೆ.

ಮಧ್ಯಾಹ್ನ ಅವಳ ಗೆಳತಿಯ ಫೋನ್ ಬಂತು. ಲಾಟರಿಯಲ್ಲಿ ಹೆಸರು ಬರದೆ ಬೇಜಾರಲ್ಲಿದ್ದಳು. ಮುಂದಿನ ವರ್ಷ ಮತ್ತೆ ಹಾಕಬಹುದು ಅಂದೆ. ಬ್ರಿಟನ್ನಿನದ್ದೂ ಒಂದಿದೆ, ಯಂಗ್ ಪ್ರೊಫೆಷನಲ್ಸ್ ಸ್ಕೀಮ್. 2023ರಲ್ಲಿ ಶುರುವಾದದ್ದು. ಡಿಗ್ರಿ ಇರಬೇಕು, 2530 ಪೌಂಡ್ ಉಳಿತಾಯ ತೋರಿಸಬೇಕು. ಎರಡು ವರ್ಷದವರೆಗೆ ಇರಬಹುದು. ಅಲ್ಲೂ ಲಾಟರಿಯೇ, ಆದರೆ ಹೆಸರು ಕೊಡಲು ದುಡ್ಡಿಲ್ಲ.

ಸಂಜೆ ನಾಲ್ಕರ ಬಸ್ಸಿಗೆ ಅವಳನ್ನು ಬಿಡಲು ಹೋದೆ. ಕಾಯುವಾಗ ಮೊದಲ ವಾರದ ಕೆಲಸಗಳನ್ನು ಅವಳೇ ಬರೆದು ಓದಿ ಹೇಳಿದಳು: ಸಿಮ್, ಬ್ಯಾಂಕ್ ಖಾತೆ, ಟಿಎಫ್‌ಎನ್, ಆಮೇಲೆ ಮನೆ. ಮನೆಗೆ ಮುಂಗಡ ಕಳಿಸಲು ಒಬ್ಬರು ಆಗಲೇ ಕೇಳುತ್ತಿದ್ದಾರಂತೆ, ಫೋಟೊ ಚೆನ್ನಾಗಿದೆಯಂತೆ. ಕಣ್ಣಾರೆ ನೋಡದೆ ಒಂದು ಡಾಲರ್ ಕಳಿಸಬೇಡ, ಮೊದಲ ವಾರ ಹಾಸ್ಟೆಲ್‌ನಲ್ಲೇ ಇರು, ಹುಡುಗಿಯರ ಡಾರ್ಮಿಟರಿ ಕೇಳು ಅಂದೆ. ಅವಳು ಅಲ್ಲೇ ನಿಂತು ಆ ಮನೆಯವರಿಗೆ ಬೇಡ ಅಂತ ಮೆಸೇಜ್ ಹಾಕಿ, ಮೆಲ್ಬರ್ನ್‌ನ ಹಾಸ್ಟೆಲ್ ಒಂದಕ್ಕೆ ಏಳು ರಾತ್ರಿಗೆ ಬುಕ್ ಮಾಡಿದಳು. ಬೇಡವಾದರೆ ರದ್ದು ಮಾಡಿ ದುಡ್ಡು ವಾಪಸ್ ಪಡೆಯುವ ಬುಕಿಂಗೇ ಅಂತ ಇಬ್ಬರೂ ಎರಡು ಸಲ ನೋಡಿಕೊಂಡೆವು. ಅಷ್ಟರಲ್ಲಿ ತೀರ್ಥಹಳ್ಳಿ ಬಸ್ಸು ಬಂತು.